ಆಮಿಶ್ ಮನೆಗಳಲ್ಲಿ ಗ್ಯಾಸ್ ಫ್ರಿಜ್ ಸಲ್ಲುತ್ತದೆ, ವಿದ್ಯುತ್ ಬಲ್ಬ್ ಏಕೆ ಸಲ್ಲುವುದಿಲ್ಲ?

ಹೊಳೆಸಾಲು ಅವರ ಪ್ರಶ್ನೆ

ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕೌಂಟಿಯ ಪಕ್ಕದಲ್ಲಿ ನೆಲೆಸಿರುವ ನಾನು ತರಕಾರಿ, ಮೊಟ್ಟೆ, ಆಗೊಮ್ಮೆ ಈಗೊಮ್ಮೆ ಮರದ ಸಾಮಾನು ಕೊಳ್ಳುವುದಕ್ಕೆಂದು ಆಮಿಶ್ ಎಂಬ ಕ್ರೈಸ್ತ ಪಂಥದವರ ಮನೆಗಳಿಗೆ ಹೋಗಿಬರುವುದುಂಟು. ಅವರ ಕುದುರೆಗಾಡಿ, ಗಡ್ಡ, ಉಡುಪುಗಳ ಕುರಿತು ನಮ್ಮವರು ಬರೆದ ಪ್ರವಾಸ ಲೇಖನಗಳು ಸಾಕಷ್ಟಿವೆ. ನನ್ನ ಪ್ರಶ್ನೆ ಮನೆಯೊಳಗಿನ ಸಾಧನಗಳನ್ನು ಕುರಿತದ್ದು. ಆಮಿಶ್ ಜನ ಯಂತ್ರವನ್ನೇ ಮುಟ್ಟದೆ ಹದಿನೆಂಟನೆಯ ಶತಮಾನದವರಂತೆ ಬದುಕುತ್ತಾರೆ ಎಂದು ಕೇಳಿಕೊಂಡು ಬಂದವನಿಗೆ ಇಲ್ಲಿನ ಅಡುಗೆಮನೆಗಳಲ್ಲಿ ಕಾಣುವ ಚಿತ್ರವೇ ಬೇರೆ. ಆಳೆತ್ತರದ ಫ್ರಿಜ್ ಇದೆ, ಗ್ಯಾಸ್ ಒಲೆ ಇದೆ, ನಲ್ಲಿ ತಿರುಗಿಸಿದರೆ ಬಿಸಿನೀರು ಬರುತ್ತದೆ, ಹಿಟ್ಟು ನಾದುವ ಯಂತ್ರವೂ ಓಡುತ್ತದೆ. ಆದರೆ ಚಾವಣಿಯಲ್ಲಿ ಒಂದು ಬಲ್ಬ್ ಇಲ್ಲ, ಗೋಡೆಯಲ್ಲಿ ಒಂದು ಪ್ಲಗ್ ಇಲ್ಲ. ದೂರವಾಣಿ ಇದೆ, ಆದರೆ ಅದು ಮನೆಯಿಂದಾಚೆ, ಹೊಲದಂಚಿನ ಪುಟ್ಟ ಗೂಡಿನಲ್ಲಿದೆ. ಇದೇ ರಾಜ್ಯದ ನಡುಭಾಗದ ಒಂದು ಕಣಿವೆಯಲ್ಲಿ, ಇದೇ ಪಂಥದವರೆನಿಸಿಕೊಂಡ ಕೆಲವರ ಮನೆಗಳಲ್ಲಿ ಕಿಟಕಿಗೆ ಸೊಳ್ಳೆಜಾಲರಿ ಹಾಕುವುದೂ ನಿಷಿದ್ಧವೆಂದು ಸಹೋದ್ಯೋಗಿಯೊಬ್ಬರು ಹೇಳುತ್ತಾರೆ.

ಈ ಗೆರೆಗಳನ್ನು ಎಳೆಯುವವರು ಯಾರು, ಯಾವ ತರ್ಕದ ಮೇಲೆ ಎಳೆಯುತ್ತಾರೆ? ವಿದ್ಯುತ್ ಪಾಪವಾದರೆ ಬ್ಯಾಟರಿ ಹೇಗೆ ಪಾಪವಾಗದೆ ಉಳಿಯುತ್ತದೆ? ಇದಕ್ಕೆ ಧರ್ಮಗ್ರಂಥದ ಆಧಾರವಿದೆಯೇ, ಇಲ್ಲವೇ ಅನುಕೂಲಕ್ಕೆ ತಕ್ಕಂತೆ ಮಾಡಿಕೊಂಡ ಒಳದಾರಿಗಳೇ? ಬಲ್ಲವರು ವಿವರವಾಗಿ ತಿಳಿಸಿದರೆ ಉಪಕಾರವಾಗುತ್ತದೆ.

ಶಾಲ್ಮಲೆ ಅವರ ಉತ್ತರ

ವಿದ್ಯುತ್ ಪಾಪ ಎಂಬ ಊಹೆಯನ್ನು ಮೊದಲು ಬದಿಗಿಡುವುದು ಒಳ್ಳೆಯದು, ಏಕೆಂದರೆ ಅದನ್ನು ಹಿಡಿದುಕೊಂಡು ಹೊರಟರೆ ಮುಂದಿನದೆಲ್ಲ ಗೋಜಲಾಗಿ ಕಾಣುತ್ತದೆ. ಯಂತ್ರದಲ್ಲೇ ಕೆಡುಕಿದೆ ಎಂಬುದು ಆಮಿಶ್ ಹಿರಿಯರ ವಾದವಲ್ಲ. ಈ ಯಂತ್ರ ಮನೆಗೆ ಬಂದರೆ ಮನೆಯವರು ಯಾರನ್ನು ಅವಲಂಬಿಸುತ್ತಾರೆ, ಯಾರಿಂದ ದೂರವಾಗುತ್ತಾರೆ, ಅದರ ಬೆನ್ನಿಗೆ ಇನ್ನೇನೇನು ಬರುತ್ತದೆ ಎಂಬುದನ್ನು ಅವರು ಕೇಳಿಕೊಳ್ಳುತ್ತಾರೆ. ಗ್ರಂಥದ ಆಧಾರವೆಂದರೆ ರೋಮಾಪುರದವರಿಗೆ ಪೌಲನು ಬರೆದ ಪತ್ರಿಕೆಯ ಹನ್ನೆರಡನೆಯ ಅಧ್ಯಾಯ: ಇಹಲೋಕದ ನಡವಳಿಕೆಯನ್ನು ಅನುಸರಿಸಬೇಡಿ ಎಂಬ ಮಾತು. ಅಲ್ಲಿ ಫ್ರಿಜ್ಜಿನ ಉಲ್ಲೇಖವಿಲ್ಲವೆಂಬುದು ಅವರಿಗೂ ಗೊತ್ತು. ಆ ಮಾತನ್ನು ದಿನನಿತ್ಯದ ಬದುಕಿಗೆ ಹೇಗೆ ಅನ್ವಯಿಸಿಕೊಳ್ಳಬೇಕೆಂದು ಸಭೆ ಕೂಡಿ ಒಪ್ಪಿಕೊಂಡ ಕಟ್ಟಳೆಗಳನ್ನು ಅವರು ಓರ್ಡ್ನುಂಗ್ ಎನ್ನುತ್ತಾರೆ. ಅದರ ಬಹುಭಾಗ ಎಲ್ಲಿಯೂ ಬರೆದಿಟ್ಟದ್ದಲ್ಲ. ಅಲ್ಲಿ ಹುಟ್ಟಿ ಬೆಳೆದವರಿಗೆ ಬಾಯಿಪಾಠವಾಗಿರುವಂಥದ್ದು.

ಯಾರು ತೀರ್ಮಾನಿಸುತ್ತಾರೆ ಎಂಬುದರಲ್ಲಿ ನಿಮ್ಮ ಅರ್ಧ ಪ್ರಶ್ನೆಗೆ ಉತ್ತರವಿದೆ. 1693ರಲ್ಲಿ ಸ್ವಿಟ್ಜರ್ಲೆಂಡ್ ಮತ್ತು ಅಲ್ಸಾಸ್ ಸೀಮೆಯ, ದೊಡ್ಡವರಾದ ಮೇಲೆಯೇ ದೀಕ್ಷಾಸ್ನಾನ ಪಡೆಯುವ ಅನಾಬ್ಯಾಪ್ಟಿಸ್ಟ್ ಕ್ರೈಸ್ತರಲ್ಲಿ ಯಾಕೊಬ್ ಅಮ್ಮನ್ ಎಂಬಾತನ ನೇತೃತ್ವದಲ್ಲಿ ಸಿಡಿದು, ಹದಿನೆಂಟನೆಯ ಶತಮಾನದಲ್ಲಿ ಪೆನ್ಸಿಲ್ವೇನಿಯಾಕ್ಕೆ ವಲಸೆ ಬಂದ ಈ ಪಂಥಕ್ಕೆ ಪೋಪನಂಥ ಪರಮಾಧಿಕಾರಿಯಾಗಲಿ, ಎಲ್ಲರಿಗೂ ಅನ್ವಯವಾಗುವ ಕೇಂದ್ರ ಮಂಡಳಿಯಾಗಲಿ ಇಲ್ಲ. ಆರಾಧನೆ ಮನೆಗಳಲ್ಲಿ ನಡೆಯುವುದರಿಂದ ಒಂದು ಮನೆಯಲ್ಲಿ ಕೂಡಬಹುದಾದಷ್ಟು ಜನ, ಅಂದರೆ ಸುಮಾರು 20ರಿಂದ 40 ಕುಟುಂಬಗಳು, ಸೇರಿ ಒಂದು ಸಭೆಯಾಗುತ್ತದೆ. ಪ್ರತಿ ಸಭೆಗೂ ಒಬ್ಬ ಬಿಷಪ್, ಸಾಮಾನ್ಯವಾಗಿ ಇಬ್ಬರು ಬೋಧಕರು ಮತ್ತು ಒಬ್ಬ ಡೀಕನ್ (ಸಭೆಯ ಸೇವಕ) ಇರುತ್ತಾರೆ; ಸದಸ್ಯರು ಸೂಚಿಸಿದ ಗಂಡಸರ ಹೆಸರುಗಳಲ್ಲಿ ಚೀಟಿ ಎತ್ತಿ ಆರಿಸಲ್ಪಟ್ಟ ಇವರು ಸಂಬಳವಿಲ್ಲದೆ, ತಮ್ಮ ಕಸುಬು ಬಿಡದೆ, ಜೀವಮಾನವಿಡೀ ಆ ಹೊಣೆ ಹೊರುತ್ತಾರೆ. ವಸಂತ ಮತ್ತು ಶರತ್ಕಾಲಗಳಲ್ಲಿ ನಡೆಯುವ ಪ್ರಭುಭೋಜನಕ್ಕೆ (ಯೇಸುವಿನ ಕಡೆಯ ಊಟವನ್ನು ನೆನೆಯುವ ವಿಧಿಗೆ) ಮೊದಲು ಸಭೆ ಕೂಡಿ ಕಟ್ಟಳೆಗಳನ್ನು ಕೇಳಿ, ದೀಕ್ಷಾಸ್ನಾನ ಪಡೆದ ಗಂಡಸರು ಹೆಂಗಸರೆಲ್ಲರೂ ತಮ್ಮ ಸಮ್ಮತಿಯನ್ನು ಹೇಳಬೇಕು. ಮನಸ್ತಾಪ ದೊಡ್ಡದಾಗಿದ್ದರೆ ಪ್ರಭುಭೋಜನವನ್ನೇ ಮುಂದೂಡುತ್ತಾರೆ. ಅಮೆರಿಕದ 30ಕ್ಕೂ ಹೆಚ್ಚು ರಾಜ್ಯಗಳಲ್ಲಿ ಮತ್ತು ಕೆನಡಾದಲ್ಲಿ ಇಂಥ ಎರಡೂವರೆ ಸಾವಿರಕ್ಕೂ ಮಿಕ್ಕಿದ ಸಭೆಗಳಿವೆ ಎಂದಮೇಲೆ, ಎಲ್ಲೆಡೆ ಒಂದೇ ನಿಯಮವಿದ್ದರೆ ಅದೇ ಆಶ್ಚರ್ಯದ ಸಂಗತಿಯಾಗುತ್ತಿತ್ತು.

ಇನ್ನು ಲ್ಯಾಂಕಾಸ್ಟರಿನ ವಿಷಯ. ದೂರವಾಣಿ ತಂತಿಗಳು ಹಳ್ಳಿಗಳಿಗೆ ಬಂದಾಗ ಅಲ್ಲಿನ ಕೆಲವು ಆಮಿಶ್ ಮನೆಗಳೂ ಅದನ್ನು ಹಾಕಿಸಿಕೊಂಡಿದ್ದವು. ಒಂದೇ ತಂತಿಯನ್ನು ಹಲವು ಮನೆಗಳು ಹಂಚಿಕೊಳ್ಳುತ್ತಿದ್ದ ಕಾಲವದು. ಆ ತಂತಿಯ ಮೇಲೆ ಹರಿದಾಡಿದ ಚಾಡಿಮಾತೇ ಜಗಳಕ್ಕೆ ಕಾರಣವಾಯಿತು ಎಂಬ ಕಥೆ ಇಂದಿಗೂ ಪ್ರಚಲಿತವಾಗಿದೆ. 1909–10ರ ಸುಮಾರಿಗೆ ದೂರವಾಣಿಯನ್ನು ಮನೆಯಿಂದ ತೆಗೆಸಬೇಕೆಂಬ ನಿಲುವು ಗಟ್ಟಿಯಾದಾಗಲೇ ಸಭೆ ಬಿಟ್ಟವರೊಡನೆ ವ್ಯವಹರಿಸದ ಬಹಿಷ್ಕಾರದ ಕಠಿಣತೆಯೇ ಮೊದಲಾದ ಬೇರೆ ಅಸಮಾಧಾನಗಳೂ ಸೇರಿಕೊಂಡು ಒಂದು ಗುಂಪು ಹೊರನಡೆಯಿತು. ಹೊರನಡೆದವರು ಮುಂದೆ ವಿದ್ಯುತ್ತನ್ನೂ ಕಾರನ್ನೂ ಒಪ್ಪಿಕೊಂಡರು. ಉಳಿದವರು 1919–20ರ ಹೊತ್ತಿಗೆ ಊರಿನ ವಿದ್ಯುತ್ ಜಾಲದಿಂದ ಮನೆಗೆ ತಂತಿ ಎಳೆಯಕೂಡದೆಂದು ನಿರ್ಧರಿಸಿದರು. ಆಗಲೇ ಬಳಕೆಯಲ್ಲಿದ್ದ ಬ್ಯಾಟರಿಗೆ ಅಡ್ಡಿ ಮಾಡಲಿಲ್ಲ. ಬ್ಯಾಟರಿ ಖಾಲಿಯಾಗುತ್ತದೆ, ಅದರಿಂದ ಓಡಿಸಬಹುದಾದದ್ದು ಕಡಿಮೆ. ಜಾಲದ ತಂತಿಗೆ ಅಂಥ ಮಿತಿಯಿಲ್ಲ, ಅದು ಒಮ್ಮೆ ಗೋಡೆಯೊಳಗೆ ಬಂದರೆ ರೇಡಿಯೊವನ್ನಾಗಲಿ ಮುಂದೆ ಬಂದ ಟೆಲಿವಿಷನ್ನನ್ನಾಗಲಿ ತಡೆಯುವುದು ಅಸಾಧ್ಯ. ಆ ನಿರ್ಧಾರವನ್ನು ಮಾಡಿದವರು ಟೆಲಿವಿಷನ್ನನ್ನು ಕಂಡಿರಲಿಲ್ಲ, ಅಲ್ಲಿಯವರೆಗೆ ಯೋಚಿಸಿಯೇ ಗೆರೆ ಎಳೆದರೆಂದು ಹೇಳುವುದು ಅತಿಯಾದೀತು. ಹೊರಟುಹೋದ ಗುಂಪಿನವರು ಅಪ್ಪಿಕೊಂಡದ್ದನ್ನು ತಾವು ಒಪ್ಪಬಾರದೆಂಬ ಹಟವೂ ಅದರಲ್ಲಿತ್ತೆಂದು ನನಗೆ ತೋರುತ್ತದೆ.

ಅಂಚೆಪೆಟ್ಟಿಗೆ ಅವರ ಉತ್ತರ

ಇತಿಹಾಸ ಮೇಲೆ ಬಂದಿದೆ. ನಾನು ಓಹಾಯೊದಲ್ಲಿರುವ ಯಂತ್ರಶಾಸ್ತ್ರದ ಮನುಷ್ಯ, ಆದ್ದರಿಂದ ಫ್ರಿಜ್ಜಿನ ಬಳಿಯೇ ನಿಲ್ಲುತ್ತೇನೆ.

ಆಮಿಶ್ ಅಡುಗೆಮನೆಯ ಫ್ರಿಜ್ಜಿನಲ್ಲಿ ಕಂಪ್ರೆಸರ್ ಇಲ್ಲ, ತಿರುಗುವ ಯಾವ ಭಾಗವೂ ಇಲ್ಲ. ಕೆಳಗೆ ಸಣ್ಣದೊಂದು ಪ್ರೊಪೇನ್ ಜ್ವಾಲೆ ಉರಿಯುತ್ತಿರುತ್ತದೆ. ನೀರಿನಲ್ಲಿ ಕರಗಿರುವ ಅಮೋನಿಯಾ ಆ ಶಾಖಕ್ಕೆ ಆವಿಯಾಗಿ ಮೇಲೇರಿ, ತಣಿದು ದ್ರವವಾಗಿ, ಬಳಿಕ ಜಲಜನಕ ತುಂಬಿದ ಕೊಳವೆಯಲ್ಲಿ ಮತ್ತೆ ಆವಿಯಾಗುವಾಗ ಪೆಟ್ಟಿಗೆಯೊಳಗಿನ ಶಾಖವನ್ನು ಹೀರಿಕೊಂಡು, ಕೊನೆಗೆ ನೀರಿಗೆ ಮರಳುತ್ತದೆ. ಈ ವಿಧಾನವನ್ನು 1922ರಲ್ಲಿ ಸ್ವೀಡನ್ನಿನ ಬಾಲ್ಟ್ಸಾರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್ ಎಂಬ ಇಬ್ಬರು ಎಂಜಿನಿಯರಿಂಗ್ ವಿದ್ಯಾರ್ಥಿಗಳು ರೂಪಿಸಿದರು. ಅಮೆರಿಕದಲ್ಲಿ ಇಂಡಿಯಾನಾದ ಇವಾನ್ಸ್‌ವಿಲ್ ಊರಿನ ಸರ್ವೆಲ್ ಕಂಪನಿ ಇದನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿತು. ಗಮನಿಸಬೇಕಾದದ್ದೆಂದರೆ, ಇದು ಆಮಿಶರಿಗಾಗಿ ಹುಟ್ಟಿದ ವಸ್ತುವಲ್ಲ. ವಿದ್ಯುತ್ ತಲುಪದ ಅಮೆರಿಕದ ಹಳ್ಳಿಮನೆಗಳೆಲ್ಲ ಕೊಳ್ಳುತ್ತಿದ್ದ ಸಾಮಾನು. ಉಳಿದವರು ತಂತಿ ಬಂದೊಡನೆ ಅದನ್ನು ಬಿಟ್ಟರು, ಇವರು ಬಿಡಲಿಲ್ಲ. ಸರ್ವೆಲ್ ತಯಾರಿಕೆ ನಿಂತು ದಶಕಗಳಾದ ಮೇಲೂ ಹಳೆಯ ಪೆಟ್ಟಿಗೆಗಳು ಆಮಿಶ್ ಮನೆಗಳಲ್ಲಿ ಉಳಿದಿದ್ದವು. ಜ್ವಾಲೆ ಸರಿಯಾಗಿ ಉರಿಯದಿದ್ದರೆ ಅವು ಕಾರ್ಬನ್ ಮೊನಾಕ್ಸೈಡ್ ಉಗುಳುತ್ತವೆಂದು ಸರ್ಕಾರದ ಗ್ರಾಹಕ ಸುರಕ್ಷಾ ಆಯೋಗ ಎಚ್ಚರಿಕೆ ಕೊಡಬೇಕಾಯಿತು. ಈಗ ಇಂಡಿಯಾನಾದಲ್ಲಿ ಆಮಿಶ್ ಕುಶಲಕರ್ಮಿಗಳೇ ಇದಕ್ಕಿಂತ ದೊಡ್ಡ ಗ್ಯಾಸ್ ಫ್ರಿಜ್‌ಗಳನ್ನು ಕಟ್ಟಿ ಮಾರುತ್ತಾರೆ. ಬಲ್ಬಿಗೂ ಫ್ರಿಜ್ಜಿಗೂ ಇರುವ ಭೇದವೂ ಇಷ್ಟೇ: ಫ್ರಿಜ್ಜಿನ ಇಂಧನ ಸಿಲಿಂಡರಿನಲ್ಲಿ ಬರುತ್ತದೆ, ಮುಗಿಯುತ್ತದೆ, ಮತ್ತೆ ತರಿಸಬೇಕು.

ನೀವು ಕಂಡ ಹಿಟ್ಟು ನಾದುವ ಯಂತ್ರ ಗಾಳಿಯಿಂದ ಓಡುವಂಥದ್ದು. ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಡೀಸೆಲ್ ಎಂಜಿನ್ ಇರುತ್ತದೆ. ಅದು ಗಾಳಿಯನ್ನು ಒತ್ತಿ ತೊಟ್ಟಿಗಳಲ್ಲಿ ತುಂಬುತ್ತದೆ. ಅಲ್ಲಿಂದ ಕೊಳವೆಗಳ ಮೂಲಕ ಮನೆಗೆ ಬಂದ ಗಾಳಿ ಮಿಕ್ಸರ್, ಹೊಲಿಗೆಯಂತ್ರ, ನೀರಿನ ಪಂಪು ಎಲ್ಲವನ್ನೂ ತಿರುಗಿಸುತ್ತದೆ. ಪೇಟೆಯಲ್ಲಿ ಸಿಗುವ ವಿದ್ಯುತ್ ಮಿಕ್ಸರನ್ನು ಬಿಚ್ಚಿ, ಮೋಟಾರನ್ನು ತೆಗೆದು, ಅದರ ಜಾಗದಲ್ಲಿ ಗಾಳಿಯ ಮೋಟಾರನ್ನು ಕೂರಿಸಿಕೊಡುವ ಆಮಿಶ್ ಕಾರ್ಯಾಗಾರಗಳೇ ಇವೆ. ದಕ್ಷತೆಯ ಲೆಕ್ಕ ಹಾಕಿದರೆ ಇದು ದುಂದಿನ ಏರ್ಪಾಡು. ಡೀಸೆಲಿನ ಶಕ್ತಿಯಲ್ಲಿ ಬಹುಪಾಲು ಎಂಜಿನ್ನಿನಲ್ಲೂ ಒತ್ತಡದ ಶಾಖದಲ್ಲೂ ಸೋರಿಹೋಗುತ್ತದೆ. ಅದನ್ನು ಅವರೂ ಬಲ್ಲರು. ಆದರೆ ಗಾಳಿಯ ಕೊಳವೆಗೆ ಟೆಲಿವಿಷನ್ನನ್ನು ಜೋಡಿಸಲಾಗುವುದಿಲ್ಲ.

ಬಟ್ಟೆ ಒಗೆಯುವುದಕ್ಕೆ ಎರಡು ರಬ್ಬರ್ ಉರುಳೆಗಳ ನಡುವೆ ಬಟ್ಟೆಯನ್ನು ಹಾಯಿಸಿ ಹಿಂಡುವ ಹಳೆಯ ಮಾದರಿಯ ಯಂತ್ರವೇ ಹೆಚ್ಚು ಕಡೆ ಇದೆ. ಮೇಟ್ಯಾಗ್ ಕಂಪನಿ 1983ರಲ್ಲಿ ಆ ಮಾದರಿಯನ್ನು ನಿಲ್ಲಿಸಿದ ಮೇಲೆ ಹಳೆಯ ಯಂತ್ರಗಳನ್ನು ಹುಡುಕಿ ತಂದು, ಸಣ್ಣ ಪೆಟ್ರೋಲ್ ಎಂಜಿನ್ನನ್ನೋ ಗಾಳಿಯ ಮೋಟಾರನ್ನೋ ಜೋಡಿಸಿ ಮಾರುವುದೇ ಒಂದು ಉದ್ಯೋಗವಾಯಿತು. ಓಹಾಯೊದ ಕಿಡ್ರನ್ ಎಂಬ ಊರಿನಲ್ಲಿ 1955ರಲ್ಲಿ ತೆರೆದ ಲೀಮನ್ಸ್ ಎಂಬ ಅಂಗಡಿ ಬೆಳೆದದ್ದೇ ವಿದ್ಯುತ್ ಬೇಡದ ಗೃಹೋಪಕರಣಗಳ ಮಾರಾಟದಿಂದ. ಈಗ ಅಲ್ಲಿ ಆಮಿಶರಷ್ಟೇ ಪ್ರವಾಸಿಗರೂ ಕಾಣಸಿಗುತ್ತಾರೆ. ದೀಪದ ವಿಷಯಕ್ಕೆ ಬಂದರೆ, ನಮ್ಮ ಹಿರಿಯರು ಮದುವೆ ಚಪ್ಪರದಲ್ಲಿ ಪಂಪು ಹೊಡೆದು ಹೊತ್ತಿಸುತ್ತಿದ್ದ ಪೆಟ್ರೋಮ್ಯಾಕ್ಸನ್ನು ನೆನಪಿಸುವ ಬಲೆದೀಪಗಳು ಬಹುಕಾಲ ಇದ್ದವು. ಚಕ್ರವಿರುವ ಪುಟ್ಟ ಕಪಾಟಿನೊಳಗೆ ಗ್ಯಾಸ್ ಸಿಲಿಂಡರನ್ನಿಟ್ಟು ಅದರ ಮೇಲೆ ದೀಪವನ್ನು ನಿಲ್ಲಿಸಿ ಕೋಣೆಯಿಂದ ಕೋಣೆಗೆ ತಳ್ಳಿಕೊಂಡು ಹೋಗುವ ಕ್ರಮವೂ ಇದೆ. ಇತ್ತೀಚೆಗೆ ಬ್ಯಾಟರಿಯ ಎಲ್‌ಇಡಿ ದೀಪಗಳು ಇವನ್ನು ಬದಿಗೆ ಸರಿಸುತ್ತಿವೆ, ಬೆಂಕಿಯ ಭಯ ಕಡಿಮೆಯೆಂಬುದು ಮುಖ್ಯ ಕಾರಣ.

ಕೆಂಪುಗೆರೆ ಅವರ ಉತ್ತರ

ಮೇಲಿನ ಇಬ್ಬರೂ ವಿವರಿಸಿದ್ದು ಸರಿಯಾಗಿದೆ, ಆದರೆ ಇಬ್ಬರ ಮಾತಿನಲ್ಲೂ ಒಂದು ಬಗೆಯ ಮೆಚ್ಚುಗೆ ಇಣುಕುತ್ತದೆ. ಸ್ವಂತ ಕಾರು ಇಟ್ಟುಕೊಳ್ಳಬಾರದು, ಆದರೆ ಬಾಡಿಗೆ ಕೊಟ್ಟು ಹೊರಗಿನವರ ವ್ಯಾನಿನಲ್ಲಿ ಹೋಗಬಹುದು; ಮನೆಯಲ್ಲಿ ಫೋನ್ ಇರಬಾರದು, ಅಂಗಡಿಯಲ್ಲಿರಬಹುದು; ಗೋಡೆಯಿಂದ ವಿದ್ಯುತ್ ಬರಬಾರದು, ಬ್ಯಾಟರಿಗೆ ಇನ್ವರ್ಟರ್ ಜೋಡಿಸಿ ಅದೇ 110 ವೋಲ್ಟನ್ನು ಅಂಗಡಿಯ ನಗದು ಲೆಕ್ಕದ ಯಂತ್ರಕ್ಕೆ ಕೊಡಬಹುದು. ಇದನ್ನು ವಿವೇಕ ಎನ್ನಬೇಕಾದರೆ ಬಹಳ ಉದಾರವಾದ ಮನಸ್ಸು ಬೇಕು. ನನಗಿದು ಒಳದಾರಿ ಹುಡುಕುವ ಆತ್ಮವಂಚನೆಯಾಗಿಯೇ ಕಾಣುತ್ತದೆ.

ಇನ್ನೊಂದು ಮಾತು. ಯಂತ್ರಕ್ಕೆ ವಿನಾಯಿತಿ ಸಿಗುವುದು ಎಲ್ಲಿ ಎಂದು ನೋಡಿ. 1960ರ ದಶಕದಲ್ಲಿ ಹಾಲಿನ ಕಂಪನಿಗಳು ಕ್ಯಾನುಗಳನ್ನು ಬಿಟ್ಟು ತಂಪುತೊಟ್ಟಿಯಲ್ಲಿ ಸಂಗ್ರಹಿಸಿದ ಹಾಲನ್ನು ಮಾತ್ರ ಕೊಳ್ಳುತ್ತೇವೆಂದು ಪಟ್ಟು ಹಿಡಿದಾಗ, ಲ್ಯಾಂಕಾಸ್ಟರಿನ ಬಿಷಪ್ಪರು ದಶಕದ ಕೊನೆಯ ಹೊತ್ತಿಗೆ ಒಂದು ಒಪ್ಪಂದಕ್ಕೆ ಬಂದರು. ತೊಟ್ಟಿಯನ್ನು ತಣಿಸುವುದು ಡೀಸೆಲ್ ಎಂಜಿನ್, ಹಾಲನ್ನು ಕದಡುವ ಕೋಲನ್ನು ತಿರುಗಿಸುವುದು 12 ವೋಲ್ಟಿನ ಬ್ಯಾಟರಿ, ಭಾನುವಾರ ಹಾಲಿನ ಲಾರಿ ಬರಕೂಡದು. ಬರುವ ಆದಾಯ ನಿಂತುಹೋಗುವ ಸಂದರ್ಭದಲ್ಲಿ ಕಟ್ಟಳೆ ಬಾಗಿತು. ಹೆಂಗಸರ ಬೆನ್ನು ನೋಯುವ ಸಂದರ್ಭದಲ್ಲಿ ಅಷ್ಟೇ ಬೇಗ ಬಾಗುತ್ತದೆಯೇ? ಆರೇಳು ಮಕ್ಕಳ ಮನೆ ಅಲ್ಲಿ ಸಾಮಾನ್ಯ. ಸೋಮವಾರ ಬೆಳಗ್ಗೆ ಅಷ್ಟೂ ಜನರ ಬಟ್ಟೆಯನ್ನು ಉರುಳೆಯಲ್ಲಿ ಹಿಂಡಿ, ಚಳಿಗಾಲದಲ್ಲೂ ಹೊರಗಿನ ಹಗ್ಗಕ್ಕೆ ಹಾಕುವವರು ಯಾರೆಂದು ಹೇಳಬೇಕಿಲ್ಲ. ಕಟ್ಟಳೆಗೆ ಸಮ್ಮತಿ ಸೂಚಿಸುವ ಹಕ್ಕು ಹೆಂಗಸರಿಗಿದೆ ಎಂದು ಶಾಲ್ಮಲೆ ಬರೆದಿದ್ದಾರೆ. ಆ ಕಟ್ಟಳೆಯನ್ನು ಮುಂದಿಡುವ ಬಿಷಪ್, ಬೋಧಕ, ಡೀಕನ್ ಮೂವರ ಸ್ಥಾನಕ್ಕೂ ಹೆಂಗಸರು ಬರುವಂತಿಲ್ಲ ಎಂಬುದನ್ನು ಜೊತೆಗೇ ಹೇಳಬೇಕು. ಸಮ್ಮತಿಸದವರ ಮುಂದಿರುವುದು ಬಹಿಷ್ಕಾರದ ಭಯ.

ಶಾಲ್ಮಲೆ ಅವರ ಮರುಉತ್ತರ

ಕೆಂಪುಗೆರೆಯವರ ಎರಡನೆಯ ಮಾತನ್ನು ನಾನು ಬಹುಮಟ್ಟಿಗೆ ಒಪ್ಪುತ್ತೇನೆ. ಹಣದ ಒತ್ತಡಕ್ಕೆ ಕಟ್ಟಳೆ ಬೇಗ ಬಾಗುತ್ತದೆಂಬುದಕ್ಕೆ ಹಾಲಿನ ತೊಟ್ಟಿಗಿಂತ ಒಳ್ಳೆಯ ಸಾಕ್ಷ್ಯ ಬೇಕಿಲ್ಲ. ಕೃಷಿಭೂಮಿ ದುಬಾರಿಯಾಗಿ ಬಹುಪಾಲು ಗಂಡಸರು ಬಡಗಿ ಕೆಲಸ, ಸಣ್ಣ ಉದ್ದಿಮೆಗಳಿಗೆ ಇಳಿದ ಮೇಲೆ ಅಂಗಡಿಗೊಂದು ನಿಯಮ, ಮನೆಗೊಂದು ನಿಯಮ ಎಂಬ ಸ್ಥಿತಿ ಇನ್ನಷ್ಟು ಬಲಿತಿದೆ. ಹಾಗೆಂದು ಅಡುಗೆಮನೆ ಎಲ್ಲೆಡೆಯೂ ಹಿಂದುಳಿದಿದೆ ಎನ್ನಲಾಗದು. ಲ್ಯಾಂಕಾಸ್ಟರಿನ ಗ್ಯಾಸ್ ಒಲೆ, ಬಿಸಿನೀರು, ಗಾಳಿಯ ಮಿಕ್ಸರ್ ಇವೆಲ್ಲವೂ ಹೆಂಗಸರ ಕೆಲಸಕ್ಕೇ ಬಂದ ಸಾಧನಗಳಲ್ಲವೇ?

ಆದರೆ ಮೊದಲನೆಯ ಮಾತು, ಅಂದರೆ ಇದು ಆತ್ಮವಂಚನೆ ಎಂಬುದು, ಅವರ ಏರ್ಪಾಡನ್ನು ಒಂದು ಸಿದ್ಧಾಂತವೆಂದು ಭಾವಿಸಿದಾಗ ಮಾತ್ರ ನಿಲ್ಲುತ್ತದೆ. ಅದು ಸಿದ್ಧಾಂತವಲ್ಲ, ರಾಜಿ. ಮೂವತ್ತು ಕುಟುಂಬಗಳು ಒಡೆಯದೆ ಒಟ್ಟಿಗಿರಬೇಕೆಂದು, ಒಬ್ಬರು ಸ್ವಲ್ಪ ಬಿಟ್ಟು ಇನ್ನೊಬ್ಬರು ಸ್ವಲ್ಪ ಹಿಡಿದು, ಆಯಾ ಕಾಲಕ್ಕೆ ಮಾಡಿಕೊಂಡ ಒಪ್ಪಂದಗಳ ರಾಶಿ. ಹೊರಗಿನವರಿಗೆ ಅದರಲ್ಲಿ ಅಸಂಗತಿ ಕಾಣುವುದು ಸಹಜ. ಕಾರಿನ ಸಂಗತಿಯನ್ನೇ ನೋಡಿ: ಬಾಡಿಗೆ ವ್ಯಾನಿಗೆ ಮೊದಲೇ ಹೇಳಬೇಕು, ಮೈಲಿಗೆ ಇಷ್ಟೆಂದು ಹಣ ಕೊಡಬೇಕು, ನೆರೆಯವರನ್ನು ಜೊತೆಗೂಡಿಸಿಕೊಂಡರೆ ಖರ್ಚು ಹಂಚಿಹೋಗುತ್ತದೆ. ಅಂಗಳದಲ್ಲೇ ಕಾರು ನಿಂತಿದ್ದರೆ ಹದಿನೆಂಟರ ಹುಡುಗ ಯಾವ ಸಂಜೆ ಎಲ್ಲಿಗೆ ಹೋಗುತ್ತಾನೆಂದು ಹೇಳುವುದು ಕಷ್ಟ. ಸಾಧನವನ್ನು ದೂರದಲ್ಲಿಟ್ಟು, ಅದನ್ನು ಬಳಸುವುದನ್ನು ತುಸು ತ್ರಾಸದಾಯಕವಾಗಿಸುವುದೇ ಅಲ್ಲಿನ ಉಪಾಯ. ಹೊಲದಂಚಿನ ಫೋನಿನ ಗೂಡೂ ಅಷ್ಟೇ.

ಹೊಳೆಸಾಲು ಅವರ ಮರುಪ್ರಶ್ನೆ

ಎಲ್ಲರಿಗೂ ಧನ್ಯವಾದಗಳು. ಫ್ರಿಜ್ಜಿನ ಗುಟ್ಟು ತಿಳಿಯಿತು. ಆದರೆ ಒಂದೇ ಕಣಿವೆಯೊಳಗೆ ಇಷ್ಟು ವ್ಯತ್ಯಾಸವಿರಲು ಹೇಗೆ ಸಾಧ್ಯ ಎಂಬುದು ಇನ್ನೂ ಸ್ಪಷ್ಟವಾಗಿಲ್ಲ. ಸಭೆಗೊಂದು ನಿಯಮವೆಂದರೂ ಪಕ್ಕದ ಮನೆಯವರ ಕಿಟಕಿಯ ಜಾಲರಿಯನ್ನು ದಿನಾ ನೋಡುತ್ತಲೇ ಇರುತ್ತಾರಲ್ಲ? ಕಟ್ಟುನಿಟ್ಟಾದ ಗುಂಪುಗಳ ಬಗ್ಗೆ ಯಾರಾದರೂ ಬರೆಯಬಹುದೇ?

ಮಾಗಿಯ ಬಿಸಿಲು ಅವರ ಉತ್ತರ

ನಿಮ್ಮ ಸಹೋದ್ಯೋಗಿ ಹೇಳಿದ್ದು ಮಿಫ್ಲಿನ್ ಕೌಂಟಿಯ ಕಿಶಕೊಕ್ವಿಲಸ್ ಕಣಿವೆಯನ್ನು ಕುರಿತಾಗಿರಬೇಕು. ಸ್ಥಳೀಯರು ಅದನ್ನು ಬಿಗ್ ವ್ಯಾಲಿ ಎನ್ನುತ್ತಾರೆ. ಅಲ್ಲಿ ಮೂರು ಆಮಿಶ್ ಗುಂಪುಗಳಿವೆ, ಗಾಡಿಯ ಹೊದಿಕೆಯ ಬಣ್ಣ ನೋಡಿ ಯಾರು ಯಾವ ಗುಂಪಿನವರೆಂದು ಹೇಳಬಹುದು. ಕಪ್ಪು ಹೊದಿಕೆಯವರು ರೆನೊ ಗುಂಪು, ಹಳದಿಯವರು ಬೈಲರ್ ಗುಂಪು, ಬಿಳಿಯವರು ನೆಬ್ರಾಸ್ಕ ಗುಂಪು. ಬೈಲರ್ ಗುಂಪು 1849ರಲ್ಲಿ, ನೆಬ್ರಾಸ್ಕ ಗುಂಪು 1881ರಲ್ಲಿ ಬೇರೆಯಾದವು. ಎರಡನೆಯದಕ್ಕೆ ಆ ಹೆಸರು ಬಂದದ್ದು ನೆರವಿಗೆ ನಿಂತ ಬಿಷಪ್ ನೆಬ್ರಾಸ್ಕ ರಾಜ್ಯದವನಾಗಿದ್ದರಿಂದ. ಜಾಲರಿ ಇಲ್ಲದ್ದು, ಕಿಟಕಿಗೆ ಪರದೆ ಇಲ್ಲದ್ದು, ಕೊಟ್ಟಿಗೆಗೆ ಬಣ್ಣ ಬಳಿಯದ್ದು ಈ ಬಿಳಿ ಹೊದಿಕೆಯವರಲ್ಲಿ. ಪಕ್ಕದ ಮನೆಯ ಜಾಲರಿಯನ್ನು ಅವರು ದಿನಾ ನೋಡುತ್ತಾರೆ ಎಂಬ ನಿಮ್ಮ ಮಾತು ನಿಜ, ಮತ್ತು ಅದನ್ನು ಹಾಕಿಸಿಕೊಳ್ಳದಿರಲು ಅದೇ ಕಾರಣವೂ ಹೌದು. ಒಮ್ಮೆ ಒಡಕು ಬಿದ್ದ ಮೇಲೆ ಸಣ್ಣ ಸಂಗತಿಗಳೇ ಗುಂಪಿನ ಗುರುತಾಗುತ್ತವೆ. ಜಾಲರಿ ಹಾಕಿಸಿಕೊಂಡರೆ ಬರೀ ಸೊಳ್ಳೆ ತಪ್ಪಿಸಿಕೊಂಡಂತಲ್ಲ, ಆಚೆಯ ಗುಂಪಿನ ಕಡೆಗೆ ವಾಲಿದಂತೆ ಎಣಿಸಲಾಗುತ್ತದೆ.

ಇದಕ್ಕಿಂತ ಹೆಚ್ಚು ಹರಡಿರುವ ಕಟ್ಟುನಿಟ್ಟಿನ ಗುಂಪು ಸ್ವಾರ್ಟ್ಸೆಂಟ್ರೂಬರ್ ಆಮಿಶ್. ಇದು ಓಹಾಯೊದ ಹೋಮ್ಸ್ ಮತ್ತು ವೇಯ್ನ್ ಕೌಂಟಿಗಳಲ್ಲಿ 1913ರಿಂದ 1917ರ ನಡುವೆ ಬೇರೆಯಾಯಿತು. ಜಗಳದ ಮೂಲ ಯಂತ್ರವಾಗಿರಲಿಲ್ಲ ಎಂಬುದನ್ನು ನೆನಪಿಡಬೇಕು: ಸಭೆಯನ್ನು ಬಿಟ್ಟು ಬೇರೊಂದು ಸಭೆಗೆ ಸೇರಿದವರನ್ನು ಎಷ್ಟು ಕಾಲ, ಎಷ್ಟು ಬಿಗಿಯಾಗಿ ಬಹಿಷ್ಕರಿಸಬೇಕು ಎಂಬುದಾಗಿತ್ತು. ಯಂತ್ರದ ವ್ಯತ್ಯಾಸಗಳು ಆಮೇಲೆ ಬೆಳೆದವು. ಇವರ ಮನೆಗಳಲ್ಲಿ ಸೀಮೆಎಣ್ಣೆಯ ಬತ್ತಿದೀಪ, ಕಟ್ಟಿಗೆ ಒಲೆ, ಹೊರಗಿನ ಶೌಚಗುಂಡಿ. ಮೆತ್ತೆ ಹೊದಿಸಿದ ಸೋಫಾ ಇಲ್ಲ, ಗ್ಯಾಸ್ ಫ್ರಿಜ್ ಇಲ್ಲ, ಮನೆಯೊಳಗೆ ಶೌಚಾಲಯವಿಲ್ಲ. ಚಳಿಗಾಲದಲ್ಲಿ ಕೆರೆಯ ಮಂಜುಗಡ್ಡೆಯನ್ನು ಕತ್ತರಿಸಿ, ಮರದ ಹೊಟ್ಟಿನಲ್ಲಿ ಹೂತಿಟ್ಟು ಬೇಸಿಗೆಗೆ ಬಳಸುವ ಪದ್ಧತಿ ಇಂಥ ಗುಂಪುಗಳಲ್ಲಿ ಉಳಿದುಕೊಂಡಿದೆ. ನಿಧಾನವಾಗಿ ಸಾಗುವ ವಾಹನವೆಂದು ಸೂಚಿಸಲು ಗಾಡಿಯ ಹಿಂದೆ ಹಾಕಬೇಕಾದ ಕಿತ್ತಳೆ ಬಣ್ಣದ ತ್ರಿಕೋನವನ್ನೂ ಕಣ್ಣು ಕುಕ್ಕುವ ಬಣ್ಣದ್ದೆಂದು ಒಪ್ಪದೆ, ಬೂದು ಬಣ್ಣದ ಪ್ರತಿಫಲನ ಪಟ್ಟಿಯನ್ನೂ ಲಾಟೀನನ್ನೂ ಹಾಕಿಕೊಳ್ಳುತ್ತಾರೆ. ಮಿನೆಸೋಟಾದ ಸುಪ್ರೀಂ ಕೋರ್ಟ್ 1990ರಲ್ಲಿ ಅದಕ್ಕೆ ಅವಕಾಶ ಕೊಟ್ಟಿತು.

ಅದೇ ಮಿನೆಸೋಟಾದಲ್ಲಿ ಇತ್ತೀಚಿನ ವ್ಯಾಜ್ಯವೊಂದು ಮನೆಯ ನೀರಿಗೆ ಸಂಬಂಧಿಸಿದ್ದು. ಪಾತ್ರೆ, ಬಟ್ಟೆ ತೊಳೆದ ನೀರನ್ನು ಹೊರಬಿಡಲು ಸೆಪ್ಟಿಕ್ ಟ್ಯಾಂಕ್ ಹಾಕಿಸಲೇಬೇಕೆಂದು ಫಿಲ್ಮೋರ್ ಕೌಂಟಿ 2013ರಲ್ಲಿ ನಿಯಮ ಮಾಡಿತು. ಅಲ್ಲಿನ ಸ್ವಾರ್ಟ್ಸೆಂಟ್ರೂಬರ್ ಕುಟುಂಬಗಳು ಅದು ತಮ್ಮ ಧರ್ಮಕ್ಕೆ ವಿರುದ್ಧವೆಂದೂ, ಮರದ ಚಕ್ಕೆ ತುಂಬಿದ ಗುಂಡಿಗಳಲ್ಲಿ ನೀರನ್ನು ಸೋಸಿ ಇಂಗಿಸುತ್ತೇವೆಂದೂ ವಾದಿಸಿದವು. ಕೆಳಗಿನ ನ್ಯಾಯಾಲಯಗಳಲ್ಲಿ ಸೋತರೂ, 2021ರ ಜುಲೈಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ತೀರ್ಪನ್ನು ಬದಿಗಿರಿಸಿ ಮರುಪರಿಶೀಲನೆಗೆ ಕಳುಹಿಸಿತು. 2023ರಲ್ಲಿ ರಾಜ್ಯದ ಮೇಲ್ಮನವಿ ನ್ಯಾಯಾಲಯ ಆಮಿಶರ ಪರವಾಗಿ ತೀರ್ಪಿತ್ತಿತು. ಕೆಂಪುಗೆರೆಯವರು ಇದನ್ನೂ ಒಳದಾರಿಯೆನ್ನುವರೋ ತಿಳಿಯದು. ಒಳದಾರಿ ಹುಡುಕುವವರು ಕೊಳವೆಯೊಂದಕ್ಕಾಗಿ ವರ್ಷಗಟ್ಟಲೆ ಕೋರ್ಟು ಹತ್ತುವುದಿಲ್ಲವೆಂದು ನನ್ನ ಅನಿಸಿಕೆ.

ಇನ್ನೊಂದು ತುದಿಯಲ್ಲಿ ಪೆನ್ಸಿಲ್ವೇನಿಯಾದ ಸಾಮರ್ಸೆಟ್ ಕೌಂಟಿಯಲ್ಲಿ 1927ರಲ್ಲಿ ಮೋಸೆಸ್ ಬೀಚಿ ಎಂಬ ಬಿಷಪ್ಪನ ಹೆಸರಿನಲ್ಲಿ ಬೇರೆಯಾದ ಬೀಚಿ ಆಮಿಶ್ ಇದ್ದಾರೆ. ಅವರಿಗೆ ವಿದ್ಯುತ್ತೂ ಸರಿ, ಕಾರೂ ಸರಿ. ನಡುವೆ 1960ರ ದಶಕದಲ್ಲಿ ಹುಟ್ಟಿದ ನ್ಯೂ ಆರ್ಡರ್ ಆಮಿಶ್ ಬರುತ್ತಾರೆ. ಇವರು ಸ್ವಾರಸ್ಯದ ಜನ: ಮನೆಯೊಳಗೆ ಫೋನನ್ನು ಬಿಟ್ಟುಕೊಂಡರು, ಕೆಲವು ಕಡೆ ವಿದ್ಯುತ್ತನ್ನೂ ಒಪ್ಪಿದರು, ಆದರೆ ತಂಬಾಕಿನ ವಿಷಯದಲ್ಲಿ, ಹುಡುಗ ಹುಡುಗಿಯರ ಒಡನಾಟದ ವಿಷಯದಲ್ಲಿ ಹಳೆಯ ಸಭೆಗಳಿಗಿಂತ ಬಿಗಿಯಾದರು. ಯಂತ್ರ ಕಡಿಮೆ ಇದ್ದಷ್ಟೂ ಆಚಾರ ಬಿಗಿ ಎಂಬ ಅಳತೆ ಅವರ ಮುಂದೆ ಕೆಲಸಕ್ಕೆ ಬರುವುದಿಲ್ಲ. ಹೋಮ್ಸ್ ಕೌಂಟಿಯ ಸುತ್ತಮುತ್ತ ಇಂಥ ಹತ್ತಕ್ಕೂ ಹೆಚ್ಚು ಬಗೆಯ ಆಮಿಶರು ಒಂದೇ ರಸ್ತೆಯಲ್ಲಿ ಗಾಡಿ ಓಡಿಸುತ್ತಾರೆ.

ಅಂಚೆಪೆಟ್ಟಿಗೆ ಅವರ ಮರುಉತ್ತರ

ಈಗ ನಡೆಯುತ್ತಿರುವ ಬದಲಾವಣೆಯ ಬಗ್ಗೆ ಒಂದು ಮಾತನ್ನು ಸೇರಿಸುತ್ತೇನೆ. 1920ರಲ್ಲಿ ಬ್ಯಾಟರಿಗೂ ತಂತಿಗೂ ನಡುವೆ ಎಳೆದ ಗೆರೆ ಬ್ಯಾಟರಿಯ ದೌರ್ಬಲ್ಯವನ್ನು ನಂಬಿಕೊಂಡಿತ್ತು. ಲಿಥಿಯಂ ಬ್ಯಾಟರಿ ಬಂದ ಮೇಲೆ ಆ ನಂಬಿಕೆ ಸಡಿಲವಾಗಿದೆ. ಬಡಗಿಗಳ ಡ್ರಿಲ್ಲಿಗೆ ಹಾಕುವ ಬ್ಯಾಟರಿಯೇ ಈಗ ದೀಪಕ್ಕೂ ಫ್ಯಾನಿಗೂ ಆಗುತ್ತದೆ, ಅದನ್ನು ಚಾರ್ಜ್ ಮಾಡಲು ಅನೇಕ ಸಭೆಗಳು ಕೊಟ್ಟಿಗೆಯ ಮಾಡಿನ ಮೇಲೆ ಸೌರಫಲಕಕ್ಕೆ ಒಪ್ಪಿಗೆ ಕೊಟ್ಟಿವೆ. ಓಹಾಯೊದ ಕೆಲವು ಸಭೆಗಳಲ್ಲಿ ವಿದ್ಯುತ್ ಸೈಕಲ್ಲೂ ಬಂದಿದೆ. ಲ್ಯಾಂಕಾಸ್ಟರಿನಲ್ಲಿ ಮಾಮೂಲಿ ಸೈಕಲ್ಲಿಗೇ ಅವಕಾಶವಿಲ್ಲದೆ ಕಾಲಿನಿಂದ ತಳ್ಳುವ ಸ್ಕೂಟರಿನ ಮೇಲೆ ಓಡಾಡುವುದನ್ನು ನೀವು ನೋಡಿಯೇ ಇರುತ್ತೀರಿ. ಸೌರಫಲಕದ ಬಗ್ಗೆ ಹೆಚ್ಚು ತಕರಾರು ಬಾರದಿರಲು ಕಾರಣ ಅದು ಯಾವ ಕಂಪನಿಯ ಜಾಲಕ್ಕೂ ಸೇರಿಲ್ಲದಿರುವುದು. ಬಿಷಪ್ಪರ ನಿಜವಾದ ತಲೆನೋವು ಮೊಬೈಲ್ ಫೋನ್. ತಂತಿ ಬೇಡ, ಗೋಡೆ ಬೇಡ, ಜೇಬಿನಲ್ಲಿ ಅಡಗುತ್ತದೆ. ಕಟ್ಟಡದ ಕೆಲಸಕ್ಕೆ ಹೋಗುವ ಗಂಡಸರು ಅದಿಲ್ಲದೆ ಗಿರಾಕಿ ಸಿಗುವುದಿಲ್ಲ ಎನ್ನುತ್ತಾರೆ. ಕೆಲವು ಸಭೆಗಳು ಮಡಚುವ ಹಳೆಯ ಫೋನನ್ನು ಕೆಲಸದ ಹೊತ್ತಿಗೆ ಮಾತ್ರ ಒಪ್ಪಿ, ಇಂಟರ್ನೆಟ್ ಇರುವುದನ್ನು ನಿಷೇಧಿಸಿವೆ. ಕೆಲವು ಎರಡನ್ನೂ ಬೇಡವೆಂದಿವೆ. ಹಲವು ಕಡೆ ಇನ್ನೂ ಚರ್ಚೆ ಮುಗಿದಿಲ್ಲ.

ಹೊಳೆಸಾಲು ಅವರಿಗೆ ಒಂದು ಉಪಯುಕ್ತ ಸೂಚನೆ: ಮರದ ಸಾಮಾನಿಗೆ ಆರ್ಡರ್ ಕೊಡುವಾಗ ಗೂಡಿನ ಫೋನಿಗೆ ಕರೆ ಮಾಡಿದರೆ ಯಾರೂ ಎತ್ತದಿರುವುದೇ ಹೆಚ್ಚು. ಧ್ವನಿಸಂದೇಶದಲ್ಲಿ ಅಳತೆ, ಮರದ ಜಾತಿ, ನಿಮ್ಮ ಸಂಖ್ಯೆ ಮೂರನ್ನೂ ನಿಧಾನವಾಗಿ ಹೇಳಿಬಿಡಿ. ಅವರು ಬಿಡುವಾದಾಗ ಗೂಡಿಗೆ ಬಂದು ಸಂದೇಶಗಳನ್ನು ಕೇಳಿ ಮರಳಿ ಕರೆ ಮಾಡುತ್ತಾರೆ. ಭಾನುವಾರ ಮಾತ್ರ ಉತ್ತರ ನಿರೀಕ್ಷಿಸಬೇಡಿ.